ಬಚ್ಚಲ ಸೆಕೆಯಲ್ಲಿ ಹಿಡಿದ ಹದ

ಕೊಟ್ಟಿಗೆಹಾರ
೮ ಜನವರಿ ೨೦೨೬, ಗುರುವಾರ

ಮುದ್ದಿನ ತಮ್ಮ ತನ್ಮಯನಿಗೆ,

ಹೇಗಿದ್ದೀಯೋ? ನಿದ್ದೆ ಬರುತ್ತಿದೆಯಾ? ಗಂಜಿಯನ್ನಾದರೂ ಕುಡಿಯುತ್ತಿದ್ದೀಯಾ? ಆಸ್ಪತ್ರೆಯವರು ಫೋನ್ ಕೊಡುವುದಿಲ್ಲವಂತೆ, ಪತ್ರವಾದರೆ ತಲುಪಿಸುತ್ತಾರಂತೆ. ಶಾಲೆ ಬಿಟ್ಟ ಮೇಲೆ ಇದೇ ಮೊದಲು ಪತ್ರ ಬರೆಯುತ್ತಿರುವುದು, ನನ್ನ ಅಕ್ಷರ ನೋಡಿ ನಗಬೇಡ. ಇಲ್ಲ, ನಗು, ನಕ್ಕರೆ ಸಾಕು. ಇಲ್ಲಿ ಚಳಿ ಮೂಳೆ ಕೊರೆಯುತ್ತಿದೆ. ನಿನ್ನನ್ನು ಅಲ್ಲಿ ಸೇರಿಸಿ ಬಂದ ದಿನ ಅಪ್ಪ ಬಸ್ಸಿಳಿದವರೇ, "ಮಂಗ್ಳೂರಲ್ಲಿ ಈಗ್ಲೂ ಬಚ್ಚಲೊಳಗೆ ಕೂತಂಗೆ ಸೆಕೆ ಮಾರಾಯ್ತಿ" ಎಂದರು. ನಿನ್ನ ಬಗ್ಗೆ ಕೇಳಿದರೂ ಸೆಕೆಯ ಮಾತೇ ಆಡಿದರು.

ಕಾಫಿ ಕುಯ್ಲು ಮುಗಿಯುತ್ತಾ ಬಂತು, ಕಣದ ತುಂಬ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಬೀಜ ಒಣಗುತ್ತಿದೆ. ನನಗೆ ಯಾವುದರಲ್ಲೂ ಮನಸ್ಸಿಲ್ಲ. ಮೊನ್ನೆ ಡಾಕ್ಟರು ಫೋನ್ ಮಾಡಿ, ಅಲ್ಲಿಗೆ ಹೋದಮೇಲೆ ನೀನು ಆಡಿದ್ದು ಒಂದೇ ಮಾತು ಎಂದರು: "ಅಕ್ಕಂಗೆ ಹೇಳಿ, ಫಜ್ ಮುಗೀಲಿಲ್ಲ." ಗಿಟಾರಿನ ಸ್ವರವನ್ನು ದುಂಬಿಯ ಹಾಗೆ ಗುಂಯ್‌ಗುಡಿಸುವ ನಿನ್ನ ಆ ಫಜ್ ಪೆಡಲ್, ಅರ್ಧ ಬೆಸುಗೆ ಹಾಕಿ ಬಿಟ್ಟುಹೋದದ್ದು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಅನ್ನುತ್ತಾರಲ್ಲ, ಫ್ಯೂಸ್ ಹಾಕಲೂ ಹೆದರುವ ನಾನು ಬೆಸುಗೆ ಕಡ್ಡಿ ಹಿಡಿದೆ.

ಮೂಡಿಗೆರೆಯ ಸಿದ್ದಬಸಪ್ಪನವರ ಮುಚ್ಚಿದ ರೇಡಿಯೋ ಅಂಗಡಿಯಿಂದ ನೀನು ಕಾಡಿ ಬೇಡಿ ತಂದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಡಬ್ಬಿಯಲ್ಲೇ ಇದ್ದವು. ಮಂಜಿನ ತೇವ ತಾಗದಿರಲಿ ಎಂದು ಬಚ್ಚಲ ಮನೆಗೆ ಒಯ್ದು, ಹಂಡೆಯ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತೆ. ಮಳೆಗಾಲದಲ್ಲಿ ನಮ್ಮ ಬಟ್ಟೆಬರೆ ಒಣಗುವುದೂ ಅಲ್ಲೇ ತಾನೆ. "ಮೊದ್ಲು ಸೋರಿಕೆ ಕಳಿ, ಆಮೇಲೆ ಗೇನ್ ನೋಡು" ಎಂದು ನೀನು ಬಡಬಡಿಸುತ್ತಿದ್ದದ್ದು ನೆನಪಿತ್ತು. ಟ್ರಾನ್ಸಿಸ್ಟರಿನ ಮೂರು ಕಾಲಲ್ಲಿ ಬೇಸ್ ಎಂಬ ಕಾಲನ್ನು ಮುಟ್ಟದೆಯೂ ಸೋರುವ ಕರೆಂಟನ್ನು ಕಳೆದರೆ ಉಳಿಯುವುದೇ ನಿಜವಾದ ಬಲ, ಅದೇ ನಿನ್ನ ಗೇನ್. ಮುಕ್ಕಾಲು ಪಾಲು ಬರೀ ಸೋರುವವೇ. ಕಡಿಮೆ ಬಲದ್ದನ್ನು ಮೊದಲಿಗೆ, ಹೆಚ್ಚಿನದ್ದನ್ನು ಅದರ ಹಿಂದೆ ಎಂದು ಜೋಡಿ ಮಾಡಿದೆ. ಬೆಸುಗೆಯ ಕಾವಿಗೆ ಒಂದು ಸತ್ತೇ ಹೋಯಿತು, ಕೂತು ಅತ್ತುಬಿಟ್ಟೆ. ಕಣದಲ್ಲಿ ಪಾರ್ಚ್‌ಮೆಂಟ್ ಹರವುತ್ತಿದ್ದ ಹುಚ್ಚಮ್ಮ ಇಣುಕಿ, "ನೀರ್ ಕಾಯ್ಸಕ್ಕೂ ಅಳ್ತಾರಾ ಅಕ್ಕಾ?" ಎಂದಳು.

ಕೊನೆಗೆ ಉಳಿದದ್ದು ಒಂದೇ ಜೋಡಿ. ಅದನ್ನು ಹಾಕಿ, ನೀನು ತೋರಿಸಿದ್ದ ಸಣ್ಣ ಸ್ಕ್ರೂ ತಿರುಗಿಸುತ್ತಾ ಹೋದೆ. ಒಂಬತ್ತು ವೋಲ್ಟಿನ ಬ್ಯಾಟರಿಗೆ ನಾಲ್ಕೂವರೆಯೇ ಹದ ಅಂದಿದ್ದೆಯಲ್ಲ, ಮೀಟರಿನ ಮುಳ್ಳು ಅಲ್ಲಿಗೆ ಬಂತು. ತಂತಿ ಮೀಟಿದರೆ, ಗುಂಯ್! ಅಮ್ಮ ಒಗ್ಗರಣೆ ಬಿಟ್ಟು ಓಡಿ ಬಂದಳು, ನೀನೇ ಬಂದೆ ಎಂದುಕೊಂಡು. ನಿನಗೆ ಕೇಳಿಸಲು ರೆಕಾರ್ಡ್ ಮಾಡೋಣವೆಂದು ಜಗಲಿಗೆ ತಂದೆ. ಸ್ವಲ್ಪ ಹೊತ್ತಿಗೆ ಅದು ಕೆಮ್ಮಿತು, ಆಮೇಲೆ ಉಸಿರೇ ಇಲ್ಲ. ಬಚ್ಚಲಿಗೆ ಒಯ್ದರೆ ನುಡಿಯುತ್ತದೆ, ಹೊರಗೆ ತಂದರೆ ಸಾಯುತ್ತದೆ. ಜರ್ಮೇನಿಯಮ್ಮಿಗೆ ಸೆಕೆಗೊಂದು ಹದ, ಚಳಿಗೊಂದು ಹದ ಎಂಬುದು ಆಗ ಹೊಳೆಯಿತು. ಜಗಲಿಯಲ್ಲೇ ಹದ ಹಿಡಿಯೋಣವೆಂದರೆ ಸ್ಕ್ರೂ ಕೊನೆ ಮುಟ್ಟಿ ನಿಂತಿದೆ. ಬೇರೆ ಜೋಡಿಯೂ ಇಲ್ಲ.

ನನ್ನ ಕೈ ಸೋತಿತು ತನ್ಮಯಾ. ನಾನು ಎರಡು ಸಲ ಘಟ್ಟ ಇಳಿದು ಬಂದೆ, ಎರಡು ಸಲವೂ ನೀನು "ಯಾರೂ ಬೇಡ" ಎಂದು ಚೀಟಿ ಬರೆದು ಕಳಿಸಿದೆ. ಪೆಡಲ್ ತಂದರಾದರೂ ಒಳಗೆ ಬಿಡುತ್ತೀಯ ಎಂದುಕೊಂಡಿದ್ದೆ. ಇನ್ನು ಏನು ಹಿಡಿದುಕೊಂಡು ಬರಲಿ? ರಸ್ತೆಯಲ್ಲಿ ಯಾರದೋ ಫೋನ್ ಸದ್ದಾದರೂ ಆಸ್ಪತ್ರೆಯದೇ ಎಂದು ಎದ್ದು ಓಡುತ್ತೇನೆ. ನೀನು ನಮಗೆ ಬೇಕು ಕಣೋ.

ಅಪ್ಪ ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಹುಚ್ಚಮ್ಮನೂ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಊಟ ಬಿಡಬೇಡ.

ನಿನ್ನ ಅಕ್ಕ,
ನಿಖಿತಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಅಪ್ಪ ಈಗಷ್ಟೇ ಸ್ನಾನ ಮುಗಿಸಿ ಬೆವರೊರೆಸುತ್ತಾ, "ಪಾಪ, ತನ್ಮಯ ಇರೋದೂ ಇಂಥ ಸೆಕೇಲೇ" ಎಂದರು. ನಾನೆಂಥ ಮಂಕುದಿಣ್ಣೆ! ಬಚ್ಚಲಿನ ಹದವೆಂದರೆ ಮಂಗಳೂರಿನ ಹದವೇ ಅಲ್ಲವಾ! ಇದು ಇಲ್ಲಿ ನುಡಿಯದಿದ್ದರೆ ಬೇಡ, ನೀನಿರುವಲ್ಲಿ ನುಡಿಯುತ್ತದೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಗಿಟಾರನ್ನೂ ಹೊತ್ತು ಬರುತ್ತೇನೆ. ಸ್ಕ್ರೂ ಅಲುಗದಂತೆ ಅಂಟು ಹಾಕಿಲ್ಲ, ಕಡೆಯ ಚೂರು ತಿರುಗಿಸುವುದನ್ನು ನಿನ್ನ ಕಿವಿಗೇ ಬಿಟ್ಟಿದ್ದೇನೆ. ಈ ಸಲ ಬೇಡ ಅನ್ನಬೇಡ.