ಏಳು ಮನೆಯ ಸರ

ಮಾಸ್ತಿಕಟ್ಟೆ
೨೪ ಸೆಪ್ಟೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಐವನ್ ಅವರಿಗೆ ಜೆಸಿಂತಾಳ ನಮಸ್ಕಾರಗಳು.

ಈ ಕಾಗದದಲ್ಲಿ ಒಂದು ಕಥೆಯಿದೆ. ಅದನ್ನು ಮೊದಲು ಹೇಳಿದವರು ನಮ್ಮೂರಿನ ಹಳೇ ಚಹಾದಂಗಡಿಯ ದುಗ್ಗಮ್ಮ. ಹೇಳಿದ್ದು ಮೊನ್ನೆ ಭಾನುವಾರ, ಪೂಜೆ ಮುಗಿದ ಮೇಲೆ, ನಮ್ಮ ಚರ್ಚಿನ ಮೆಟ್ಟಿಲ ಮೇಲೆ ಕೂತು. ಅದಕ್ಕೂ ಮುಂಚೆ ನಮ್ಮೂರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕೇಳಿದ ಮೇಲೆ ನನಗೆ ನಿಮ್ಮ ಮನೆಯವರ ಮಾತಿಗೆ ಉತ್ತರ ಕೊಡುವ ಧೈರ್ಯ ಬಂದಿದೆ.

ನಾನು ಕ್ಷೇಮ. ನಿಮ್ಮ ಮನೆಯಲ್ಲೂ ಎಲ್ಲರೂ ಕ್ಷೇಮವಿರಬೇಕು, ಏಕೆಂದರೆ ಫೋನ್ ಮಾಡಿದಾಗಲೆಲ್ಲ ಅತ್ತೆಯವರ ಗಂಟಲು ಗಟ್ಟಿಯಾಗಿಯೇ ಕೇಳಿಸುತ್ತದೆ. ನೀವು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಸುಮ್ಮನೆ ಕೂರುತ್ತೀರಿ. ಮಾತಾಡುವವರು ಅವರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಸ್ಪೀಕರ್ ಇರುವುದಿಲ್ಲ.

ಜೂನ್‌ನಲ್ಲಿ ನಾನು ತವರಿಗೆ ಬಂದ ಮೂರನೇ ದಿನ ಅತ್ತೆ ಹೇಳಿದರು, "ಮದುವೇಲಿ ಹಾಕ್ಕೊಂಡಿದ್ದ ಸರ ತಗೊಂಡು ಬರೋದಾದ್ರೆ ಬಾ. ಇಲ್ದಿದ್ರೆ ಅಲ್ಲೇ ಇರು." ನೀವು ಆಗಲೂ ಏನೂ ಹೇಳಲಿಲ್ಲ. ಹಿಂದಿನಿಂದ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು.

ಆ ಸರ ನನ್ನದಲ್ಲ. ನನ್ನ ಅಮ್ಮನದೂ ಅಲ್ಲ. ನಮ್ಮ ಏಳು ಮನೆಗಳದ್ದು. ಅಣೆಕಟ್ಟಿನ ಕೆಲಸಕ್ಕೆಂದು ಬಂದು ಇಲ್ಲೇ ಉಳಿದ ಏಳು ಕ್ರೈಸ್ತ ಮನೆಗಳು ನಮ್ಮವು. ಒಂದು ಮನೆಯವರು ತಮಿಳಿನವರು, ಒಂದು ಮನೆಯವರು ಮಲಯಾಳಿಗಳು, ಇನ್ನೊಂದು ಮನೆಯವರು ಕೊಂಕಣಿಯವರು. ಜಗಳ ಆಡಲಿಕ್ಕೆ ಎಲ್ಲರಿಗೂ ಬರುವ ಭಾಷೆಯೊಂದು ಬೇಕಿತ್ತು, ಕನ್ನಡ ಕಲಿತರು. ಮೊದಲ ಕಾಲದ ಕ್ರೈಸ್ತರು ಯಾವುದನ್ನೂ ತನ್ನದು ಎನ್ನದೆ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಬಾಳಿದರು ಎಂದು ಫಾದರ್ ಪ್ರಸಂಗ ಮಾಡಿದರೆ ನಿಮ್ಮ ಸಾಗರದ ಚರ್ಚಿನಲ್ಲಿ ಜನ ತಲೆಯಾಡಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಏಣಿ ಈಗ ಯಾರ ಮನೆಯಲ್ಲಿದೆ ಎಂದು ಯೋಚಿಸುತ್ತಾರೆ. ಏಳು ಮನೆಗೆ ಇರುವುದು ಒಂದು ಏಣಿ, ಒಂದು ದೊಡ್ಡ ಹಂಡೆ, ಒಂದು ಮರ ಕೊಯ್ಯುವ ಮೆಷಿನ್ನು. ಮದುಮಗಳಿಗೆ ಒಂದು ಸರ. ಮದುವೆಯ ದಿನ ಹಾಕಿಕೊಳ್ಳುವುದು, ಮರುದಿನ ಊಟದ ಹೊತ್ತಿಗೆ ಬಿಚ್ಚಿ ಕೊಡುವುದು. ಅಮ್ಮ ಹಾಕಿಕೊಂಡದ್ದು ಅದೇ, ಚಿಕ್ಕಮ್ಮಂದಿರು ಹಾಕಿಕೊಂಡದ್ದೂ ಅದೇ.

ಇದನ್ನು ನಿಮ್ಮ ಮನೆಯವರಿಗೆ ನಮ್ಮ ಹಿರಿಯರು ಹೇಳಲಿಲ್ಲ, ನಿಜ. ಮುಚ್ಚಿಡಬೇಕೆಂದಲ್ಲ. ಇದು ಹೇಳಬೇಕಾದ ವಿಷಯ ಎಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಏಣಿ ನಮ್ಮೊಬ್ಬರದಲ್ಲ ಎಂದು ಯಾರಾದರೂ ಹೆಣ್ಣು ನೋಡಲು ಬಂದವರ ಹತ್ತಿರ ಹೇಳುತ್ತಾರೆಯೇ? ಹಾಗಾಗಿ ಜನವರಿಯಲ್ಲಿ, ಮದುವೆಯ ಮರುದಿನ, ನಿಮ್ಮ ಮನೆಯ ತುಂಬಾ ನೆಂಟರು ಕೂತಿದ್ದಾಗ ನಾನು ಸರ ಬಿಚ್ಚಿ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಅದನ್ನು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಎಂತದಿದು? ಬಾಡಿಗೆ ಸರನಾ?" ಎಂದರು. ಅಮ್ಮ ನಕ್ಕುಬಿಟ್ಟರು. "ಬಾಡಿಗೆ ಎಂತಕ್ಕೆ ಅತ್ಗೆ, ಎಲ್ಲರದ್ದೂ ಅಲ್ವಾ," ಎಂದರು. ಆ ನಗುವನ್ನು ಅತ್ತೆ ಇವತ್ತಿಗೂ ಕ್ಷಮಿಸಿಲ್ಲ. ಮೋಸ ಮಾಡಿದರು ಎಂದು ಬೀದಿಗೆ ಕೇಳುವಂತೆ ಹೇಳಿದರು. ಐದು ತಿಂಗಳು ನಿಮ್ಮ ಮನೆಯಲ್ಲಿ ನನ್ನ ಹೆಸರು "ಬಾಡಿಗೆ" ಎಂದೇ ಇತ್ತು. ಹಾಲಿನವರ ಮುಂದೆ ಕೂಡ.

ಈಗ ಮೊನ್ನೆಯ ಭಾನುವಾರಕ್ಕೆ ಬರುತ್ತೇನೆ. ಪೂಜೆ ಮುಗಿದು ಫಾದರ್ ಹೊಸನಗರಕ್ಕೆ ಹೊರಟುಹೋದ ಮೇಲೆ ಏಳು ಮನೆಯವರೂ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತರು. ನನಗೆ ಗೊತ್ತಿರಲಿಲ್ಲ, ಅವರೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ಅಮ್ಮ ಕರ್ಚೀಫ್ ಬಿಚ್ಚಿ ಸರವನ್ನು ನನ್ನ ಅಂಗೈಯಲ್ಲಿಟ್ಟರು. "ತಗೊಂಡು ಹೋಗು ಮಗಾ. ಎಲ್ಲರೂ ಒಪ್ಪಿದಾರೆ. ನಿನ್ನ ಬಾಳಿಗಿಂತ ಇದು ಹೆಚ್ಚಲ್ಲ," ಎಂದರು.

ಪಕ್ಕದ ಮನೆಯ ಶರ್ಲಿಗೆ ನವೆಂಬರ್‌ನಲ್ಲಿ ಮದುವೆ, ಹುಡುಗ ಕೋಣಂದೂರಿನವನು. ಅವಳೂ ಹೇಳಿದಳು, "ಹೋಗಕ್ಕ, ಹಾಕ್ಕೊಂಡು ಹೋಗು. ನಂಗೆ ತೀರ್ಥಹಳ್ಳಿ ಪೇಟೇಲಿ ಒಂದು ಗಿಲೀಟಿನ ಸರ ತಂದ್ರಾಯ್ತು. ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ." ಹೇಳುವಾಗ ನಕ್ಕಳು, ಆದರೆ ನನ್ನ ಕೈಯ ಕಡೆ ನೋಡಲಿಲ್ಲ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನ್ನ ಬೆರಳುಗಳು ಸರದ ಮೇಲೆ ಮುಚ್ಚಿಕೊಂಡವು. ನಾನಾಗಿ ಮುಚ್ಚಿದ್ದೋ, ತಾವಾಗಿ ಮುಚ್ಚಿಕೊಂಡವೋ ತಿಳಿಯದು. ಸಾಗರದ ನಮ್ಮ ಕೋಣೆಯ ಹಸಿರು ಕಿಟಕಿ, ಅಂಗಡಿ ಬಾಗಿಲು ಹಾಕಿ ನೀವು ಬರುವ ಹೊತ್ತಿನ ಬೈಕಿನ ಸದ್ದು, ಎಲ್ಲವೂ ಒಟ್ಟಿಗೆ ನೆನಪಾದವು.

ಆಗ ದುಗ್ಗಮ್ಮ ಲೋಟ ಕೆಳಗಿಟ್ಟರು. ದುಗ್ಗಮ್ಮ ಕ್ರೈಸ್ತರಲ್ಲ, ಆದರೆ ಪೂಜೆಯ ನಂತರದ ಚಹಾಕ್ಕೆ ನಮಗಿಂತ ಮುಂಚೆ ಬಂದು ಕೂತಿರುತ್ತಾರೆ. "ಏಳು ಮನೆ ಸರ, ಏಳು ಮನೆ ಸರ ಅಂತೀರಲ್ಲ, ಎಂಟನೇ ಪಾಲು ನಂದು. ನನ್ನನ್ನ ಕೇಳಿದ್ರಾ?" ಎಂದರು.

ಆ ಸರವನ್ನು ಹಿಂದೆ ಯಾವುದೋ ಫಾದರ್ ಮಾಡಿಸಿಕೊಟ್ಟದ್ದು ಎಂದೇ ನಾವು ತಿಳಿದಿದ್ದೆವು.

ದುಗ್ಗಮ್ಮ ಹೇಳಿದ ಕಥೆ ಇದು. ಅಣೆಕಟ್ಟಿನ ಸುರಂಗದ ಕೆಲಸ ಶುರುವಾದ ಹೊಸತು. ಸುರಂಗದ ಬಾಯಿಯ ಹತ್ತಿರ ದುಗ್ಗಮ್ಮನ ಚಹಾದ ಗುಡಿಸಲು. ಕೂಲಿಯವರ ತಗಡಿನ ಶೆಡ್ಡುಗಳಲ್ಲಿ ಒಂದು ಮದುವೆ ಗೊತ್ತಾಯಿತು. ಹುಡುಗನ ಕಡೆಯವರು ಕಾರ್ಗಲ್ಲಿನಿಂದ ಲಾರಿ ಮಾಡಿಕೊಂಡು ಬಂದರು. ಹುಡುಗಿ ಬಿಳಿ ಸೀರೆ ಉಟ್ಟು, ತಲೆಗೆ ಹೂ ಮುಡಿದು ನಿಂತಿದ್ದಳು. ಕೊರಳಲ್ಲಿ ಏನೂ ಇರಲಿಲ್ಲ. ಹುಡುಗನ ಸೋದರಮಾವ ಲಾರಿಯಿಂದ ಇಳಿಯದೆಯೇ ನೋಡಿ, "ಬೋಳು ಕತ್ತಿನ ಹೆಣ್ಣನ್ನ ಒಳಗೆ ಕರ್ಕೊಂಡು ಹೋಗೋಕೆ ನಾವೇನು ಗತಿ ಇಲ್ದೋರಾ?" ಎಂದ. ಲಾರಿ ಬಂದ ದಾರಿಯಲ್ಲೇ ತಿರುಗಿತು. ಅನ್ನ ಒಲೆಯ ಮೇಲೇ ಇತ್ತು.

"ಆ ಹುಡುಗಿ ಅಳ್ಲಿಲ್ಲ ಮಾರಾಯ್ತಿ," ಎಂದರು ದುಗ್ಗಮ್ಮ. "ಅನ್ನ ಹಳಸ್ತದೆ, ಎಲ್ಲರೂ ಉಣ್ಣಿ ಅಂತ ತಾನೇ ಬಡಿಸಿದ್ಲು. ನಮಗೇ ಗಂಟಲಲ್ಲಿ ಇಳೀಲಿಲ್ಲ."

ಆ ವಾರ ಶೆಡ್ಡಿನ ಹೆಂಗಸರು ಒಬ್ಬೊಬ್ಬರೇ ಚಹಾದ ಗುಡಿಸಲಿಗೆ ಬಂದರಂತೆ. ಒಬ್ಬಳು ಒಂದು ಓಲೆ ಕೊಟ್ಟಳು, ಜೊತೆಯದು ಕಳೆದುಹೋಗಿತ್ತು. ಒಬ್ಬಳು ಮೂಗುಬಟ್ಟು, ಒಬ್ಬಳು ಮುರಿದ ಉಂಗುರ. ದುಗ್ಗಮ್ಮ ತಮ್ಮ ಕಿವಿಯ ಬುಗುಡಿ ಬಿಚ್ಚಿದರು. ಎಲ್ಲವನ್ನೂ ತೀರ್ಥಹಳ್ಳಿಯ ಅಕ್ಕಸಾಲಿಗೆ ಕೊಟ್ಟು ಕರಗಿಸಿ, ಸರ ಮಾಡಿಸಿ ತಂದರು. ಸುದ್ದಿ ಕಾರ್ಗಲ್ಲಿಗೂ ಮುಟ್ಟಿತು. ಮುಂದಿನ ತಿಂಗಳು ಅದೇ ಲಾರಿ ಬಂತು, ಅದೇ ಸೋದರಮಾವ. ಈ ಸಲ ಇಳಿದು ಬಂದು ಕೈ ಮುಗಿದ, ಆದದ್ದು ಆಯಿತು ಎಂದ.

ಹುಡುಗಿ ಸರ ಹಾಕಿಕೊಂಡು ಹೊರಗೆ ಬಂದಳು. ಎಲ್ಲರೂ ನೋಡುವಂತೆ ನಿಂತಳು. ಆಮೇಲೆ ಅದನ್ನು ಬಿಚ್ಚಿ, ಮರುವಾರ ಮದುವೆಯಿದ್ದ ಗೆಳತಿಯ ಕೊರಳಿಗೆ ಹಾಕಿ ಹೇಳಿದಳು, "ಸರ ನೋಡ್ಕೊಂಡು ಬಂದೋರು ಸರಾನೇ ಕಟ್ಕೊಳ್ಳಿ. ನಾನು ಬರಲ್ಲ. ಇದು ಇಲ್ಲಿರೋ ಎಲ್ಲಾ ಹುಡುಗೀರ ಕೊರಳಿಗೂ ಆಗ್ತದೆ, ಒಬ್ಬಳದ್ದೂ ಆಗಲ್ಲ."

ಲಾರಿ ಎರಡನೇ ಸಲ ಖಾಲಿ ತಿರುಗಿತು. ಆ ಗೆಳತಿ ಶರ್ಲಿಯ ಅಜ್ಜಿ. ಸರ ಬಿಚ್ಚಿದವಳು ನನ್ನ ಅಜ್ಜಿ, ಸಗಾಯಮ್ಮ.

ಅಜ್ಜಿ ಆಮೇಲೆ ಕ್ಯಾಂಪಿನ ಅಡುಗೆಯವರನ್ನು ಮದುವೆಯಾದದ್ದು, ಅದೂ ಬರಿಗೊರಳಲ್ಲಿ. ಬಾಗಿಲಿಂದ ವಾಪಸ್ ಹೋದ ಮದುವೆಯ ಸುದ್ದಿ ಗೊತ್ತಾದರೆ ಹೆಣ್ಣುಮಕ್ಕಳಿಗೆ ಕೆಟ್ಟ ಹೆಸರು ಎಂದು, ತಾನು ಬದುಕಿರುವವರೆಗೆ ಬಾಯಿ ಬಿಡಬಾರದೆಂದು ದುಗ್ಗಮ್ಮನಿಂದ ಮಾತು ತೆಗೆದುಕೊಂಡಿದ್ದರಂತೆ. ಈ ವರ್ಷ ಈಸ್ಟರಿಗೆ ಮುಂಚೆ ಅಜ್ಜಿ ತೀರಿಕೊಂಡರಲ್ಲ, ಆ ಕಾಲದವರಲ್ಲಿ ಈಗ ಉಳಿದಿರುವುದು ದುಗ್ಗಮ್ಮ ಒಬ್ಬರೇ. "ಇನ್ನು ನಂಗೆ ತಡೆ ಇಲ್ಲ," ಎಂದರು ದುಗ್ಗಮ್ಮ. ನನ್ನ ಕಡೆ ತಿರುಗಿ, "ಕೊಡಬೇಡ ಅಂತ ನಾನು ಹೇಳಲ್ಲ ಕಣೇ. ಅವತ್ತು ಅವಳ ಕೈಯಲ್ಲೂ ಇತ್ತು, ಇವತ್ತು ನಿನ್ನ ಕೈಲಿದೆ," ಎಂದರು.

ಅಮ್ಮ ಅಳುತ್ತಿದ್ದರು. ತಮ್ಮ ತಾಯಿಯ ವಿಷಯ ಅವರಿಗೇ ಗೊತ್ತಿರಲಿಲ್ಲ. ನಾನು ಎದ್ದು ಸರವನ್ನು ಶರ್ಲಿಯ ಕೊರಳಿಗೆ ಹಾಕಿದೆ. ಕೊಂಡಿ ಹಾಕುವಾಗ ಅವಳ ಕತ್ತು ಬೆವೆತಿತ್ತು.

ಹಾಗಾಗಿ ನನ್ನ ಉತ್ತರ ಇದು: ತರುವುದಿಲ್ಲ. ಇವತ್ತೂ ಇಲ್ಲ, ಮುಂದೆಯೂ ಇಲ್ಲ. ಬಾಡಿಗೆ ಎಂದು ಕರೆದರೂ ಇಲ್ಲ, ನೀವು ಇನ್ನೊಂದು ಕಡೆ ಹೆಣ್ಣು ನೋಡಿದರೂ ಇಲ್ಲ. ನಾನು ಬಂದರೆ ಬರಿಗೊರಳಲ್ಲೇ ಬರುತ್ತೇನೆ. ನೀವು ಹಾಕಿದ ಉಂಗುರ ಬೆರಳಲ್ಲಿದೆ, ಅದು ನನ್ನದು. ಅದನ್ನು ಯಾರ ಜೊತೆಗೂ ಹಂಚಿಕೊಂಡಿಲ್ಲ.

ನಿನ್ನೆ ಬೆಳಿಗ್ಗೆ ನಡೆದದ್ದನ್ನೂ ಬರೆಯುತ್ತೇನೆ. ಕಥೆ ಕೇಳಿದ್ದವರಲ್ಲಿ ಹನ್ನೊಂದು ಜನ ಕೆಲಸಕ್ಕೆ ರಜೆ ಹಾಕಿ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಕೋಣಂದೂರಿಗೆ ಹೋದೆವು. ಕಿಟಕಿ ಪಕ್ಕದ ಸೀಟು ದುಗ್ಗಮ್ಮನಿಗೆ. ಶರ್ಲಿಯನ್ನು ತಂದುಕೊಳ್ಳುವವರ ಮನೆಯಲ್ಲಿ ಅಷ್ಟು ಜನಕ್ಕೆ ಕುರ್ಚಿ ಸಾಲಲಿಲ್ಲ. ಅಮ್ಮ ಕರ್ಚೀಫ್ ಬಿಚ್ಚಿ ಸರವನ್ನು ಕಾಫಿ ಲೋಟಗಳ ನಡುವೆ ಇಟ್ಟರು. ಜನವರಿಯಲ್ಲಿ ನಕ್ಕ ಅದೇ ಅಮ್ಮ, ಈ ಸಲ ನಗಲಿಲ್ಲ. "ನೋಡಿ ಪುಷ್ಪಮ್ಮ," ಎಂದರು ಹುಡುಗನ ತಾಯಿಗೆ, "ಮದುವೆ ದಿನ ನಮ್ಮ ಹುಡುಗಿ ಹಾಕ್ಕೊಳ್ಳೋದು ಇದನ್ನೇ. ಇದು ಅವಳದ್ದಲ್ಲ, ನಮ್ಮೆಲ್ಲರದ್ದು. ಮಾರನೇ ದಿನ ವಾಪಸ್ ತಗೊಂಡು ಹೋಗ್ತೀವಿ. ಆಗೋದಾದ್ರೆ ಈಗ್ಲೇ ಹೇಳಿ, ಆಗಲ್ಲ ಅಂದ್ರೂ ಈಗ್ಲೇ ಹೇಳಿ. ಮಧ್ಯಾಹ್ನದ ಬಸ್ಸಿಗೆ ಹೋಗ್ಬೇಕು."

ಪುಷ್ಪಮ್ಮ ಸರವನ್ನು ಎತ್ತಿ ನೋಡಿದರು, ಕೆಳಗಿಟ್ಟರು, ಒಳಗೆ ಹೋದರು. ಶರ್ಲಿ ನನ್ನ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡಳು. ಒಳಗೆ ಗಂಡ ಹೆಂಡತಿಯ ಪಿಸುಮಾತು ಕೇಳುತ್ತಿತ್ತು. ಪುಷ್ಪಮ್ಮ ತಿರುಗಿ ಬಂದು ಬಾಗಿಲಲ್ಲೇ ನಿಂತು, "ಒಪ್ಪಿಗೆ. ಆದ್ರೆ ಒಂದು ಕೇಳ್ಲಾ? ಮುಂದಿನ ವರ್ಷ ನಮ್ಮ ಮಗಳಿಗೂ ಮದುವೆ. ಒಂದು ದಿನದ ಮಟ್ಟಿಗೆ ನಮಗೂ ಕೊಡ್ತೀರಾ?" ಎಂದರು.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ದುಗ್ಗಮ್ಮ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. "ಕೊಡ್ತೀವಿ," ಎಂದರು, "ಕಿವೀಲಿರೋದ್ರಲ್ಲಿ ಒಂದು ಬಿಚ್ಚು."

ಇಂತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ಜೆಸಿಂತಾ

ತಾ.ಕ.: ಮುಂಚೆ ಹೇಳದೇ ಇದ್ದದ್ದು ನಮ್ಮದೇ ತಪ್ಪು ಎಂದು ಬಸ್ಸಿನಲ್ಲಿ ಅಮ್ಮ ಹತ್ತು ಸಲ ಅಂದರು. ಹತ್ತು ಸಲವೂ ನಾನು ಹೌದು ಅಂದೆ. ಆದರೆ ಮದುವೆಗೆ ಮೂರು ವಾರ ಮುಂಚೆ, ಸಾಗರದ ಬಸ್‌ಸ್ಟ್ಯಾಂಡಿನ ಎದುರು ಕಬ್ಬಿನಹಾಲು ಕುಡಿಯುತ್ತಾ ನಾನು ನಿಮಗೆ ಎಲ್ಲವನ್ನೂ ಹೇಳಿದ್ದೆ. "ಅಷ್ಟೇನಾ? ನಾನೆಲ್ಲೋ ಹುಡುಗೀನೇ ಮಾರನೇ ದಿನ ವಾಪಸ್ ಕೊಡ್ಬೇಕಾ ಅಂತ ಹೆದರಿದ್ದೆ," ಎಂದು ನೀವು ನಕ್ಕಿದ್ದಿರಿ. ಅತ್ತೆ ಮೋಸ ಎಂದು ಕೂಗಿದಾಗ ನೀವು ಎಲೆ ನೋಡುತ್ತಾ ಕೂತಿರಿ. ಇದನ್ನು ನಾನು ಇಲ್ಲಿ ಯಾರಿಗೂ ಹೇಳಿಲ್ಲ, ಅಮ್ಮನಿಗೂ ಇಲ್ಲ. ಮನೆಯ ವಿಳಾಸಕ್ಕೆ ಹಾಕಿದರೆ ಅತ್ತೆ ಒಡೆದು ಓದುತ್ತಾರೆ. ಅವರಿಗೆ ಹೇಳುವ ಬಾಯಿ ನಿಮ್ಮದೇ ಆಗಲಿ ಎಂದು ಈ ಕಾಗದವನ್ನು ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.