ಕೊಚ್ಚಿಯಲ್ಲಿ ಇಳಿಯಬೇಕೆಂದಿದ್ದೆ

ಅರಬ್ಬಿ ಸಮುದ್ರದ ಮೇಲಿಂದ
ಭಾನುವಾರ, 16 ನವೆಂಬರ್ 2025, ಮಧ್ಯಾಹ್ನ

ಅವ್ವಾ,

ನಿನ್ನ ರೂಪಳ ನಮಸ್ಕಾರ. ಹಾಸ್ಟೆಲ್ ಬಿಟ್ಟ ಮೇಲೆ ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಏನು ಮಾಡಲಿ, ಫೋನು ಮಾಡಕೂಡದು ಎಂದು ನೀನೇ ಅಪ್ಪಣೆ ಮಾಡಿದ್ದೀಯ. "ನಿನ್ ದನಿ ಕಿವಿಗ್ ಬಿದ್ರೆ ಮಗಾ ಮತ್ತೆ ಎದೆ ಕೇಳ್ತದೆ. ಐದು ದಿನ ನಾನೇ ಅದ್ರ ಅವ್ವ ಅನ್ಕ ಬುಡು" ಎಂದೆ. ಅಂದುಕೊಳ್ಳಲು ನೋಡಿದೆ, ಆಗುತ್ತಿಲ್ಲ. ಹೇಗೂ ನಡುನೀರಿನಲ್ಲಿ ಫೋನಿಗೆ ಜೀವವೂ ಇಲ್ಲ.

ನೀನು ಕಂಡಿರುವುದು ಕಾವೇರಿಯ ಹರಿಗೋಲು. ಇದು ಹನ್ನೊಂದು ಅಂತಸ್ತಿನ ಮನೆ. ಲಿಫ್ಟಿದೆ, ನಾಟಕದ ಹಾಲಿದೆ. ಸುತ್ತ ಇಷ್ಟು ನೀರಿದ್ದರೂ ತಾರಸಿಯ ಮೇಲೆ ಬೇರೆ ಈಜುಕೊಳ ಕಟ್ಟಿದ್ದಾರೆ! ನೆಲ ಅಲ್ಲಾಡುವುದು ಗೊತ್ತಾಗುವುದಿಲ್ಲ, ಆದರೆ ಲೋಟದಲ್ಲಿನ ನೀರು ಮಾತ್ರ ಸದಾ ಒಂದು ಕಡೆಗೆ ವಾಲಿಕೊಂಡಿರುತ್ತದೆ. ಹೆಚ್ಚು ಸಿಮೆಂಟ್ ಮಾರಿದ ಅಂಗಡಿಯವರಿಗೆಲ್ಲ ಕಂಪನಿ ಕೊಟ್ಟ ಬಹುಮಾನವಲ್ಲವೇ, ಎಲ್ಲಿ ನೋಡಿದರೂ ನಮ್ಮ ಕಡೆಯವರೇ. ನಿನ್ನ ಅಳಿಯ ಮುಂಬೈಯಲ್ಲಿ ಒಂದು ಬಿಳಿ ಟೋಪಿ ಕೊಂಡು, ಮದ್ದೂರಿನ ಅಂಗಡಿಯಲ್ಲಿ ಮೂಟೆ ಎಣಿಸುವವರು ಇವರೇನಾ ಅನ್ನುವ ಹಾಗೆ ಓಡಾಡುತ್ತಿದ್ದಾರೆ. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. "ರೂಪಾ, ಬಾ, ನೀರು ನೋಡು" ಎಂದು ಗಳಿಗೆಗೊಮ್ಮೆ ಕರೆಯುತ್ತಾರೆ. ಹೋಗಿ ನೋಡುತ್ತೇನೆ. ಒಂದಿಷ್ಟೂ ದಡ ಕಾಣುವುದಿಲ್ಲ ಅವ್ವ. ನನಗೆ ಅದೊಂದೇ ಕಾಣುವುದು, ದಡ ಇಲ್ಲದ್ದು.

ಚಂದನ ಏನಾದರೂ ತಿಂದಳೇ? ಒಂದು ವರ್ಷ ಒಂಬತ್ತು ತಿಂಗಳಾದರೂ ಎದೆಹಾಲು ಬಿಟ್ಟು ಬೇರೇನೂ ಮುಟ್ಟಳು, ರಕ್ತ ಕಮ್ಮಿಯಿದೆ, ಇನ್ನು ಬಿಡಿಸಲೇಬೇಕು ಎಂದು ಮಂಡ್ಯದ ಡಾಕ್ಟರು ಹೇಳಿದಾಗ ನಾನೇ ತಲೆಯಾಡಿಸಿದ್ದೆ. ಬೇವಿನೆಲೆ ಅರೆದು ಹಚ್ಚಿಕೊಂಡೆ, ಅವಳು ಮುಖ ಕಿವುಚಿಕೊಂಡೇ ಕುಡಿದಳು. ಕೊನೆಗೆ ನೀನು ಕೆರಗೋಡಿಗೆ ಕರೆಸಿಕೊಂಡು, ತಾಯಿ ಕಣ್ಮರೆಯಾಗದೆ ಹಾಲು ಬಿಡುವುದಿಲ್ಲ ಎಂದೆ. ಸರಿ, ಕಣ್ಮರೆಯಾಗಿದ್ದೇನೆ. ಆದರೆ ನಿನ್ನೆ ಎಲ್ಲರಿಗೂ ತೇಲುವ ಜಾಕೆಟ್ ತೊಡಿಸಿ, ಹಡಗಿಗೆ ಅಪಾಯವಾದರೆ ಎಲ್ಲಿ ನಿಲ್ಲಬೇಕೆಂದು ಕಲಿಸುವಾಗ, ಸಾಲಿನಲ್ಲಿ ಯಾರದೋ ಕೂಸು ಅತ್ತಿತು. ಅಷ್ಟೇ, ಜಾಕೆಟ್ಟಿನೊಳಗೆ ರವಿಕೆಯೆಲ್ಲ ತೊಯ್ದುಹೋಯಿತು. ಬಚ್ಚಲಿಗೆ ಓಡಿ, ಹಿಂಡಿ ಬೆಣಚುಕಲ್ಲಿನಂಥ ಬಿಳಿ ಬೋಗುಣಿಗೆ ಚೆಲ್ಲಿದೆ. ಅವಳ ಪಾಲಿನದನ್ನು ಸಮುದ್ರಕ್ಕೆ ಚೆಲ್ಲಿದ ಹಾಗಾಯಿತು.

ನಿದ್ದೆಯ ವಿಷಯ ಕೇಳಬೇಡ. ಅವಳು ಹುಟ್ಟಿದಂದಿನಿಂದ ನಾನು ಎರಡು ಗಂಟೆ ಒಟ್ಟಿಗೆ ಮಲಗಿಲ್ಲ. ಅವಳು ನಿದ್ದೆ ಹೋದರೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ. ಇಲ್ಲಿ ಮೆತ್ತನೆಯ ಹಾಸಿಗೆ, ತಣ್ಣನೆಯ ಕೋಣೆ. ಆದರೂ ಬೆರಳು ಗಾಳಿಯಲ್ಲಿ ಹುಡುಕುತ್ತದೆ.

ಅದಕ್ಕೇ ನಿನಗೊಂದು ನಿಜ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಹಡಗು ಕೊಚ್ಚಿಯಲ್ಲಿ ನಿಲ್ಲುತ್ತದೆ, ಮಧ್ಯಾಹ್ನದವರೆಗೆ ಇರುತ್ತದೆ. ನಾನು ಇಳಿದುಬಿಡುತ್ತೇನೆ. ರೈಲೋ ಬಸ್ಸೋ ಹಿಡಿದು ಬಂದುಬಿಡುತ್ತೇನೆ. ಇವರಿಗಿನ್ನೂ ಹೇಳಿಲ್ಲ. ಕೈಚೀಲ ತುಂಬಿಟ್ಟಾಗಿದೆ. ಈ ಕಾಗದ ಸೇರುವ ಮೊದಲೇ ನಾನು ನಿನ್ನ ಬಾಗಿಲಲ್ಲಿ ನಿಂತಿರುತ್ತೇನೆ. ಬಯ್ಯಬೇಡ.

ಸೋಮವಾರ, ರಾತ್ರಿ

ಅವ್ವಾ, ನಾನು ಇನ್ನೂ ಹಡಗಿನಲ್ಲೇ ಇದ್ದೇನೆ.

ಬೆಳಿಗ್ಗೆ ಆರೂವರೆಗೇ ಚೀಲ ಹಿಡಿದು ಲಿಫ್ಟಿನ ಹತ್ತಿರ ನಿಂತಿದ್ದೆ. ಇವರು ಟೋಪಿಯನ್ನು ಎದೆಯ ಮೇಲಿಟ್ಟುಕೊಂಡು ಇನ್ನೂ ಮಲಗಿದ್ದರು. ಆಗ ಮರಿತಾಯಮ್ಮ ಬಂದರು. ಮಳವಳ್ಳಿಯ ಸಿಮೆಂಟ್ ಅಂಗಡಿಯವರ ತಾಯಿ. ಸೊಸೆಗೆ ನೀರು ಕಂಡರೆ ಭಯವೆಂದು ಮಗನ ಜೊತೆ ತಾವೇ ಬಂದಿದ್ದಾರೆ. ಅರವತ್ತು ದಾಟಿದೆ, ಹಡಗಿನ ಊಟ ಒಗ್ಗದೆಂದು ಚೀಲದಲ್ಲಿ ರಾಗಿಹಿಟ್ಟು, ಉಪ್ಪಿನಕಾಯಿ.

"ಏನವ್ವಾ, ಚೀಲ ಇಡ್ಕಂಡು ಎಲ್ಲಿಗ್ ಒಂಟೆ?" ಎಂದರು.

ಕೊಚ್ಚಿಯಲ್ಲಿ ಇಳಿಯುತ್ತೇನೆ, ಹಾಲು ಬಿಡಿಸಲೆಂದು ಬಿಟ್ಟುಬಂದ ಮಗಳನ್ನು ನೋಡಬೇಕು ಎಂದೆ. ಹೇಳುತ್ತಿದ್ದ ಹಾಗೇ ಅಳು ಬಂತು. ಅವರು ನನ್ನ ಮುಖ ನೋಡಲಿಲ್ಲ, ರವಿಕೆ ನೋಡಿದರು.

"ಅಯ್ಯೋ ಮುಂಡೇದೆ, ಎದೆ ಕಲ್ಲಾಗದೆ! ಜ್ವರ ಬಂದದು, ಬಾ ಇಲ್ಲಿ" ಎಂದು ಕೈ ಹಿಡಿದು ತಮ್ಮ ಕೋಣೆಗೆ ಎಳೆದುಕೊಂಡು ಹೋದರು. ಮಗ ಹೊರಗೆ ತಿಂಡಿಗೆ ಹೋಗಿದ್ದ. ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ, ಯಾರೂ ಮುಟ್ಟದ ಬಣ್ಣದ ಬಾಟಲಿಗಳ ನಡುವೆ, ಬಾಳೆಲೆಯಲ್ಲಿ ಸುತ್ತಿದ ಎರಡು ಮೊಳ ಮಲ್ಲಿಗೆ. ಐದು ದಿನ ಮುಡಿಯಲೆಂದು ಮಳವಳ್ಳಿ ಸಂತೆಯಿಂದ ತಂದದ್ದು. ದಾರದಿಂದ ಹೂ ಬಿಡಿಸಿ ಎದೆಗೆ ಹರಡಿ, ತಮ್ಮದೊಂದು ಹಳೇ ಸೀರೆ ಹರಿದು ಬಿಗಿದು ಕಟ್ಟಿದರು. ಹೀಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ಬಿ.ಎಸ್ಸಿ. ಓದಿದ ನಾನು ಇದನ್ನೆಲ್ಲ ನಂಬುವುದಿಲ್ಲ ಎಂದೆ.

"ನೀನ್ ನಂಬಬ್ಯಾಡ ಬುಡು, ಊವ ತನ್ ಕೆಲ್ಸ ಮಾಡ್ಕತದೆ" ಎಂದರು. "ನೀನೀಗ ಇಳ್ದೋದ್ರೆ ಮಗಾ ನೋಡಿದ್ ಗಳ್ಗೆಗೇ ಎದೆ ಕಚ್ಕತದೆ ಕಣವ್ವ. ಅದು ಎಲ್ಡ್ ದಿನ ಅತ್ತಿರದೆಲ್ಲ ದಂಡ. ಮತ್ತೆ ಮೊದ್ಲಿಂದ ಅಳುಸ್ತೀಯಾ ಅದ್ನ?"

ನಾನು ಚೀಲವನ್ನು ನೆಲಕ್ಕಿಟ್ಟೆ. "ಹಡಗು ನಿಲ್ಲಕೆ ಇನ್ನೂ ಒತ್ತದೆ. ಅರ್ಧ ಗಂಟೆ ಒರಗ್ಕ, ಆಮೇಕೆ ಬೇಕಾದ್ರೆ ಓಗೀವಂತೆ" ಎಂದು ತಮ್ಮ ಹಾಸಿಗೆಯಲ್ಲೇ ಮಲಗಿಸಿದರು. ಬೆವರು, ಹಾಲು, ಮಲ್ಲಿಗೆ ಎಲ್ಲ ಸೇರಿ ಬಾಣಂತಿ ಕೋಣೆಯ ವಾಸನೆಯಾಗಿತ್ತು. ಅವರು ಕುರ್ಚಿಯಲ್ಲಿ ಕೂತು ಉಳಿದ ದಾರ ಸುತ್ತುತ್ತಿದ್ದದ್ದು ನೆನಪಿದೆ. ಅಷ್ಟೇ.

ಎಚ್ಚರವಾದಾಗ ನಾಲ್ಕು ಗಂಟೆ, ಅವ್ವ! ಸಂಜೆ ನಾಲ್ಕು. ಕಿಟಕಿಯಲ್ಲಿ ಬರೀ ನೀರು. ಕೊಚ್ಚಿ ಬಂದು ಹೋಗಿಯೇ ಬಿಟ್ಟಿತ್ತು. ಎದ್ದ ಕೂಡಲೇ ಚಂದನ ನೆನಪಾಗಿ ಹೊರಗೆ ಓಡಿದೆ. ಬಾಗಿಲಲ್ಲೇ ಇವರು ಕೂತಿದ್ದರು. ಊರು ನೋಡಲು ಎಲ್ಲರೂ ಇಳಿದರೂ ಇವರು ಇಳಿದಿಲ್ಲ. ನನ್ನ ಚೀಲ ಇವರ ತೊಡೆಯ ಮೇಲಿತ್ತು. ನಾನು ಏನು ಮಾಡಹೊರಟಿದ್ದೆನೆಂದು ಮರಿತಾಯಮ್ಮ ಹೇಳಿದ್ದರೋ ಇಲ್ಲವೋ, ಇವರು ಕೇಳಲಿಲ್ಲ. "ಎಬ್ಬಿಸ್ದ್ರೆ ಕೈ ಮುರೀತೀನಿ ಅಂದ್ರು ಕಣೇ ಆಯಮ್ಮ" ಎಂದು ನಕ್ಕರು. ಆಮೇಲೆ, ಕೊಚ್ಚಿಯಲ್ಲಿ ನೆಟ್‌ವರ್ಕ್ ಸಿಕ್ಕಾಗ ಬಂದಿದ್ದ ನನ್ನ ತಮ್ಮ ಅಪ್ಪುವಿನ ಸಂದೇಶ ತೋರಿಸಿದರು: "ಮೊದಲ ರಾತ್ರಿ ಅತ್ತಳು. ನೆನ್ನೆ ಒಂದೇ ಸಲ ಎದ್ದಳು. ಅವ್ವ ಅಂಬಲಿ ಕುಡಿಸ್ತು, ಲೋಟ ಹಿಡ್ಕಂಡೇ ಮಲಗಿದಳು."

ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವಳು ಬಿಟ್ಟಳು ಅವ್ವ. ನನಗೆ ಸಂತೋಷವೇ. ಸ್ವಲ್ಪ ಹೊಟ್ಟೆಯುರಿಯೂ ಆಯಿತು, ನಗಬೇಡ. ಸಂಜೆ ಇವರ ಜೊತೆ ತಾರಸಿಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿದೆ. ಈ ಸಲ ಇವರು ಕರೆಯುವ ಮೊದಲೇ ಹೋದೆ.

ಕಾಗದವನ್ನು ಇನ್ನು ಮುಂಬೈಯಲ್ಲಿ ಇಳಿದ ಮೇಲೆ ಡಬ್ಬಿಗೆ ಹಾಕುತ್ತೇನೆ. ನಾನು ಕೆರಗೋಡಿಗೆ ಬಂದು ಅವಳನ್ನು ಕರೆದುಕೊಂಡು ಹೋದ ಮೇಲೆಯೇ ಇದು ನಿನಗೆ ಸಿಗುವುದು. ಎದುರಿಗೆ ಕೂತರೆ ಇದರಲ್ಲಿ ಅರ್ಧವನ್ನೂ ಹೇಳುವವಳಲ್ಲ ನಾನು. ಅಂಬಲಿಗೆ ಬೆಲ್ಲ ಎಷ್ಟು ಹಾಕಿದೆ ಎಂಬುದನ್ನು ಮಾತ್ರ ಬಂದಾಗಲೇ ಹೇಳಿಕೊಡು.

ನಿನ್ನ ಮಗಳು,
ರೂಪ

ಇನ್ನೊಂದು ಮಾತು: ಎದ್ದ ಕೂಡಲೇ ಚಂದನ ನೆನಪಾದಳು ಎಂದು ಮೇಲೆ ಬರೆದದ್ದು ಸುಳ್ಳು. ಎದ್ದು ಕಾಲು ಚಾಚಿದೆ, ಕಿಟಕಿಯ ನೀರು ನೋಡಿದೆ, ಕಾಫಿ ಸಿಕ್ಕರೆ ಚೆನ್ನಾಗಿತ್ತು ಅಂದುಕೊಂಡೆ. ಅಷ್ಟು ಹೊತ್ತೂ ನನಗೊಬ್ಬಳು ಮಗಳಿದ್ದಾಳೆ ಎಂಬುದೇ ತಲೆಯಲ್ಲಿರಲಿಲ್ಲ. ಇವರಿಗೂ ಹೇಳಿಲ್ಲ. ನನ್ನ ಹಾಲು ಬಿಡಿಸುವಾಗ ನನ್ನನ್ನು ಕೊಪ್ಪದ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದೆಯಂತಲ್ಲ, ಆ ದಿನಗಳಲ್ಲಿ ನಿನಗೂ ಒಂದು ಗಳಿಗೆ ಹೀಗಾಗಿತ್ತೇ? ಆಗಿದ್ದರೆ ಒಂದು ಕಾರ್ಡಿನಲ್ಲಿ ಬರೀ "ಹೂಂ" ಎಂದು ಬರೆದು ಹಾಕು. ಅಪ್ಪುವಿನ ಕೈಲಿ ಬರೆಸಬೇಡ, ನೀನೇ ಬರಿ.