ಮಧ್ಯಾಹ್ನ ಒಂದೂವರೆ ತಾಸು ಮಲಗಿದ ಡಾಕ್ಟರಮ್ಮನ ಪರವಾಗಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮೂರ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮನಿಗೆ ತಾವು ಒಂದೇ ತಿಂಗಳಲ್ಲಿ ಎರಡು ಕಾಗದ ಕಳಿಸಿದ್ದೀರಿ. ಮೊದಲನೆಯದು ಸುತ್ತೋಲೆ: ವೈದ್ಯರು ಮನಸ್ಸಿನ ಒತ್ತಡ ತಗ್ಗಿಸಿಕೊಳ್ಳತಕ್ಕದ್ದು, ಸಾಕಷ್ಟು ವಿಶ್ರಾಂತಿ ಪಡೆಯತಕ್ಕದ್ದು, ತಪ್ಪಿದಲ್ಲಿ ಶಿಸ್ತಿನ ಕ್ರಮ ಜರುಗಿಸಲಾಗುವುದು. ಎರಡನೆಯದು ನೋಟೀಸು: ತಪಾಸಣೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ತಾವು ವಿಶ್ರಾಂತಿ ಪಡೆಯುತ್ತಿದ್ದುದು ಕಂಡುಬಂದಿದ್ದು, ತಮ್ಮ ಮೇಲೆ ಶಿಸ್ತಿನ ಕ್ರಮ ಏಕೆ ಜರುಗಿಸಬಾರದು? ಎರಡರ ಕೆಳಗೂ ಇರುವುದು ತಮ್ಮದೇ ಸಹಿ.

ನಾನು ಮೂವತ್ತೊಂದು ವರ್ಷ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ಸವೆದು ನಿವೃತ್ತನಾದವನು. ಸಾಹೇಬರು ಓದದೆ ಸಹಿ ಹಾಕುವುದು ನನಗೆ ಹೊಸದಲ್ಲ. ಓದಲು ಬಿಡುವಿಲ್ಲದಂತೆ ಕಡತಗಳನ್ನು ಪೇರಿಸಿಟ್ಟವನೂ ನಾನೇ. ಆದ್ದರಿಂದ ತಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ. ಆದರೆ ಸಿಟ್ಟಿದೆ, ಬಹಳವೇ ಇದೆ. ಊರಿನ ಹೆಸರು ಬರೆಯುವುದಿಲ್ಲ. ತಮಗೆ ಗೊತ್ತೇ ಇದೆ, ಪತ್ರಿಕೆಯ ಓದುಗರಿಗೆ ಕಂಪ್ಲಿ ಕಡೆಯ ಒಂದು ಕಾಲುವೆ ಊರು ಅಂದರೆ ಸಾಕು.

ಡ್ಯಾಮಿನ ನೀರು ಬಂದ ಮೇಲೆ ಈ ಊರಿಗೆ ಏನೆಲ್ಲ ಬಂತು! ಎರಡು ಬೆಳೆ ಭತ್ತ ಬಂತು, ರೈಸ್ ಮಿಲ್ಲು ಬಂತು, ಟ್ರ್ಯಾಕ್ಟರು ಬಂತು, ಹೋದ ವರ್ಷ ಪಂಚಾಯಿತಿ ಕಟ್ಟೆಗೆ ಟೀವಿಯೂ ಬಂತು. ಅದರ ಜೊತೆಗೇ ಸೊಳ್ಳೆ ಬಂತು, ಚಳಿಜ್ವರ ಬಂತು, ಹುಳು ಸಾಯಲೆಂದು ಗದ್ದೆಗೆ ಹೊಡೆಯುವ ಎಣ್ಣೆ ಬಂತು, ಆ ಎಣ್ಣೆ ಮೈಗೇರಿ ಬೀಳುವವರೂ ಬಂದರು. ಎರಡನೇ ಡಾಕ್ಟರು ಮಾತ್ರ ಬರಲಿಲ್ಲ. ಆ ಹುದ್ದೆ ಆರು ವರ್ಷದಿಂದ ಖಾಲಿ. ಇಪ್ಪತ್ತೆರಡು ಹಳ್ಳಿಗೆ ಇರುವುದು ಒಬ್ಬರೇ, ಡಾಕ್ಟರ್ ಹೊನ್ನೂರಮ್ಮ. ಸಂಡೂರು ಕಡೆಯ ಗಣಿ ಕೂಲಿಯೊಬ್ಬರ ಮಗಳು, ಇನ್ನೂ ಮೂವತ್ತು ತುಂಬಿಲ್ಲ. ಹೆರಿಗೆ, ಹಾವು, ವಾಂತಿಭೇದಿ, ಪೋಸ್ಟ್‌ಮಾರ್ಟಮ್ಮು, ಅದರ ಮೇಲೆ ತಾವು ತಿಂಗಳಿಗಿಷ್ಟೆಂದು ಗೊತ್ತುಮಾಡಿದ ಕುಟುಂಬ ಯೋಜನೆಯ ಆಪರೇಷನ್ನು, ಎಲ್ಲವೂ ಆಕೆಯೊಬ್ಬರಿಗೇ. ಈ ಹುಡುಗಿಗೆ ಒತ್ತಡ ಯಾಕಿದೆ ಎಂದು ತಿಳಿಯಲು ತಾವು ನಡೆಸಿದ ಮೂರು ದಿನದ ಶಿಬಿರ ಬೇಕಿತ್ತೇ?

ಹೋದ ವರ್ಷದ ನಾಟಿ ಕಾಲದ ಮಾತು. ನನ್ನ ಹೆಂಡತಿ ಗಂಗಾಬಾಯಿಯನ್ನು ಎದೆನೋವೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಆಕೆಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು "ಜೋರಾಗಿ ಉಸಿರು ತಗೋರಿ" ಅಂದರು. ಗಂಗಾಬಾಯಿ ತಗೊಂಡಳು, ಬಿಟ್ಟಳು, ಮತ್ತೆ ತಗೊಂಡಳು. ಸಾಕು ಎನ್ನುವವರೇ ಇಲ್ಲ. ನೋಡಿದರೆ ಡಾಕ್ಟರಮ್ಮ ಆಕೆಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಸ್ಟೆತಾಸ್ಕೋಪ್ ಇನ್ನೂ ಕಿವಿಯಲ್ಲೇ ಇತ್ತು. ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು. ನಾನು ಎಬ್ಬಿಸಲು ಹೋದರೆ ಎದೆನೋವಿನ ರೋಗಿ ನನ್ನನ್ನೇ ಗದರಿದಳು: "ಸುಮ್ಮನಿರ್ರಿ! ಕೂಸು ಮಲಗ್ಯದ. ಯಾರೂ ಸಪ್ಪಳ ಮಾಡಬ್ಯಾಡ್ರಿ."

ಒಂದೂಕಾಲು ತಾಸು ನನ್ನ ಹೆಂಡತಿ ಅಲುಗಾಡಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಅಷ್ಟು ಹೊತ್ತು ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊರಗಿನ ಎಪ್ಪತ್ತು ಜನರೂ ಒಬ್ಬರಿಗೊಬ್ಬರು ಬಾಯಿ ಮೇಲೆ ಬೆರಳಿಟ್ಟು ತೋರಿಸಿ ಸುಮ್ಮನೆ ಕೂತರು. ಕೆಮ್ಮು ಬಂದವರು ಎದ್ದು ಬೇವಿನ ಮರದಾಚೆ ಹೋಗಿ ಕೆಮ್ಮಿ ಬಂದರು.

ಎಚ್ಚರವಾದಾಗ ಡಾಕ್ಟರಮ್ಮನಿಗೆ ನಾಚಿಕೆಯಾಯಿತು, ಆಮೇಲೆ ಅಳು ಬಂತು. ಅಂದು ಬೆಳಿಗ್ಗೆ ನಮ್ಮೂರ ಎರ್ರಮ್ಮನ ಮಗ ಗದ್ದೆಗೆ ಎಣ್ಣೆ ಹೊಡೆಯುತ್ತ ಬಿದ್ದವನು ಆಸ್ಪತ್ರೆಯಲ್ಲೇ ತೀರಿಕೊಂಡಿದ್ದ. "ಅವನ ಕಣ್ಣು ಮುಚ್ಚಿ ಸೀದಾ ಇಲ್ಲಿ ಬಂದು ಕುಂತೀನ್ರಿ ಕಾಕಾ," ಅಂದರು ನನಗೆ. "ಅಳಾಕೂ ಟೈಮ್ ಸಿಗಲಿಲ್ಲ. ಆಮ್ಯಾಲ ಯಾರಿಗೆ ಯಾವ ಗುಳಿಗಿ ಬರದೆ, ಒಂದೂ ನೆನಪಿಲ್ಲ. ನನ್ನ ಕೈಲೆ ಏನರ ಆಗಬಾರದ್ದು ಆಗತೈತೇನಂತ ಹೆದ್ರಿಕಿ ಬಂದೈತ್ರಿ."

ಮಾನ್ಯರೇ, ಈ ಮಾತು ಕೇಳಿ ಏನಾದರೂ ಮಾಡಲೇಬೇಕು ಅನ್ನಿಸಿತು. ಆದರೆ ನಾನು ಗುಮಾಸ್ತ. ಸಂಕಟವಾದರೆ ಅರ್ಜಿ ಬರೆಯಬಲ್ಲೆನೇ ಹೊರತು ಬೇರೇನೂ ಹೊಳೆಯುವುದಿಲ್ಲ. ಹೊಳೆದದ್ದು ಬಾಗಿಲ ಬಳಿ ಸಾಲಿನಲ್ಲಿ ಜ್ವರಕ್ಕೆ ಕಂಬಳಿ ಹೊದ್ದು ಕೂತಿದ್ದ ಹುಲುಗಪ್ಪನಿಗೆ. ಹುಲುಗಪ್ಪ ನಮ್ಮೂರ ನೀರುಗಂಟಿ. ಕಾಲುವೆಯ ತೂಬು ತೆರೆದು ಮುಚ್ಚಿ, ಯಾರ ಗದ್ದೆಗೆ ಯಾವಾಗ ನೀರೆಂದು ಸರದಿ ನಡೆಸುವವನು. "ರಾಯರ, ನೀರಿಗೆ ಸರದಿ ಐತಿ, ಈಕಿಗ್ಯಾಕಿಲ್ರಿ?" ಅಂದ. "ತೂಬಿನ ಬಾಜೂಕಿನವ್ರ ಎಲ್ಲಾ ನೀರು ಎಳಕೊಂಡ್ರ ಕಡೀ ಹೊಲದವ್ರು ಏನು ಮಾಡಬೇಕು? ಡಾಕ್ಟರಮ್ಮನ್ನೂ ಹಂಗ. ಮಧ್ಯಾಹ್ನದೊಳಗ ನಾವ ಬರಿದು ಮಾಡಿ ಇಟ್ರ, ಸಂಜಿಮುಂದ ಬರೋ ಬಾಣಂತಿಗೆ ಏನುಳಿತೈತಿ? ಗೇಟು ಇಳಿಸ್ಬೇಕ್ರಿ."

ಮರುದಿನವೇ ಸರದಿ ಪಟ್ಟಿ ತಯಾರಾಯಿತು. ಅಕ್ಷರ ನನ್ನದು, ಕಾನೂನು ಹುಲುಗಪ್ಪನದು. ದೂರದ ಹಳ್ಳಿಯವರಿಗೆ ಬೆಳಿಗ್ಗೆ, ಊರವರಿಗೆ ಸಂಜೆ. ಬಿ.ಪಿ. ನೆಪದಲ್ಲಿ ಹರಟೆ ಹೊಡೆಯಲು ಹೋಗುವ ನನ್ನಂಥವರಿಗೆ ಶುಕ್ರವಾರ ಮಾತ್ರ. ಸರದಿ ಮುರಿದವನು ನೀರು ಕದ್ದವನಿದ್ದಂತೆ, ಮುಂದಿನ ವಾರ ಅವನ ಹೆಸರು ಪಟ್ಟಿಯ ತುದಿಗೆ. ರೈಸ್ ಮಿಲ್ಲಿನ ಸಾಹುಕಾರರು ಎರಡು ಸಲ ತುದಿಗೆ ಹೋಗಿ ಬಂದ ಮೇಲೆ ತೆಪ್ಪಗಾದರು. ಬಾಗಿಲಿಗೊಂದು ಬೋರ್ಡನ್ನೂ ತೂಗುಹಾಕಿದೆವು: "ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಗೇಟು ಬಂದ್. ಡಾಕ್ಟರಮ್ಮ ಮಲಗಿದ್ದಾರೆ. ಹಾವು, ಹೆರಿಗೆ, ಎಣ್ಣೆ ಕುಡಿದವರು ಮಾತ್ರ ಬಾಗಿಲು ಬಡಿಯತಕ್ಕದ್ದು."

ಡಾಕ್ಟರಮ್ಮ ಮೊದಮೊದಲು ಒಪ್ಪಲಿಲ್ಲ. ಗಂಗಾಬಾಯಿ ಗದರಿದ ಮೇಲೆ ಒಪ್ಪಿದರು. ತಿಂಗಳೊಳಗೆ ಮುಖದಲ್ಲಿ ಕಳೆ ಬಂತು, ಬಿಸಿ ಅನ್ನ ಉಣ್ಣತೊಡಗಿದರು, ರೋಗಿಗಳನ್ನು ಬೈಯುವುದು ಅರ್ಧಕ್ಕಿಳಿಯಿತು. ಉಳಿದರ್ಧ ನಮಗೆ ಬೇಕಾದದ್ದೇ.

ಹೀಗೆ ವರ್ಷ ಕಳೆಯುವಷ್ಟರಲ್ಲಿ ತಮ್ಮ ಸುತ್ತೋಲೆ ಬಂತು, ಹೊಸಪೇಟೆಯಲ್ಲಿ ವೈದ್ಯರ ಮನೋಸ್ಥೈರ್ಯ ಶಿಬಿರವೂ ನಡೆಯಿತು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಭಾಷಣ. ಮೂರನೇ ದಿನ ಮನಃಶಾಂತಿಗೆಂದು ಎಲ್ಲರನ್ನೂ ಹಂಪಿಗೆ ಒಯ್ದು, ಬಿದ್ದ ಕಂಬಗಳನ್ನು ತೋರಿಸಿ ಗಟ್ಟಿಯಾಗಿ ನಿಲ್ಲುವುದು ಹೇಗೆಂದು ಬೋಧಿಸಿದರಂತೆ. ನಮ್ಮ ಡಾಕ್ಟರಮ್ಮ ಕಡ್ಡಿರಾಂಪುರ ದಾಟುವುದರೊಳಗೆ ಬಸ್ಸಿನಲ್ಲೇ ನಿದ್ದೆ ಹೋಗಿ, ವಾಪಸ್ಸು ಹೊಸಪೇಟೆಯಲ್ಲೇ ಕಣ್ಣು ಬಿಟ್ಟರು. ಇಡೀ ಶಿಬಿರದಿಂದ ಆದ ಪ್ರಯೋಜನ ಅದೊಂದೇ ಎಂದು ಅವರೇ ಹೇಳಿದರು. ಹಿಂದಿರುಗಿದಾಗ ಮೂರು ದಿನದ ರೋಗಿಗಳು ಅಂಗಳದಲ್ಲಿ ಕಾಯುತ್ತಿದ್ದರು. ಮೇಜಿನ ಮೇಲೆ ತಮ್ಮ ಕಚೇರಿಯ ಹೊಸ ನಮೂನೆಯೂ ಕಾಯುತ್ತಿತ್ತು: ಪ್ರತಿದಿನದ ನೆಮ್ಮದಿಯ ಪ್ರಮಾಣ, ನೆಮ್ಮದಿ ಇಲ್ಲದಿದ್ದಲ್ಲಿ ಕಾರಣ, ಮೂರು ಪ್ರತಿಗಳಲ್ಲಿ.

ಆದರೂ ಸುತ್ತೋಲೆಯಲ್ಲಿ 'ವಿಶ್ರಾಂತಿ' ಎಂಬ ಪದ ಕಂಡು ನಾವು ಹಿಗ್ಗಿಹೋದೆವು. ಸರ್ಕಾರ ಹೇಳುವ ಮುಂಚೆಯೇ ಮಾಡಿದ್ದೇವಲ್ಲ! ಸುತ್ತೋಲೆಗೆ ಚೌಕಟ್ಟು ಹಾಕಿಸಿ ಬೋರ್ಡಿನ ಪಕ್ಕದಲ್ಲೇ ತೂಗುಹಾಕಿದೆವು. ತಪಾಸಣೆಗೆ ತಾವೇ ಬರುತ್ತೀರೆಂದು ತಿಳಿದಾಗ ಬೋರ್ಡಿಗೆ ಹೊಸದಾಗಿ ಬಣ್ಣ ಬಳಿದೆವು. ನೋಡಿ ಮೆಚ್ಚುತ್ತೀರೆಂದು ನಂಬಿದ್ದೆವು. ಇದು ನಮ್ಮ ತಪ್ಪು, ಲಿಖಿತವಾಗಿ ಒಪ್ಪುತ್ತೇನೆ.

ತಮ್ಮ ಜೀಪು ಸರಿಯಾಗಿ ಎರಡಕ್ಕೆ ಬಂತು. ಬಾಗಿಲಲ್ಲಿ ಕೋಲು ಹಿಡಿದು ಹುಲುಗಪ್ಪ ಕೂತಿದ್ದ. ಮುಂದಿನದನ್ನು ತಾವು ನೋಟೀಸಿನಲ್ಲಿ "ಅನುಚಿತ ಅಡ್ಡಿ" ಎಂದು ಬರೆದಿದ್ದೀರಿ. ನಡೆದದ್ದು ಇಷ್ಟು:

"ಹಾವು ಕಡದೈತೇನ್ರಿ?"

"ಇಲ್ಲ."

"ಎಣ್ಣಿ ಕುಡದೀರೇನ್ರಿ?"

"ಏಯ್, ನಾನು ಯಾರು ಗೊತ್ತೇನು?"

"ಯಾರರ ಆಗ್ರಿ. ಹೆರಿಗಿ ಅಂತೂ ಅಲ್ಲ. ಬರ್ರಿ, ಇಲ್ಲೇ ನೆಳ್ಳಾಗ ಕುಂದ್ರಿ. ಮೂರಕ್ಕ ನಿಮ್ದ ಮೊದಲ್ನೇ ಸರದಿ."

ಸ್ವಾಮಿ, ಮೊದಲನೇ ಸರದಿ! ಈ ಕಾಲುವೆಯ ಮೇಲೆ ಅಂಥ ಮರ್ಯಾದೆ ಯಾರಿಗೂ ಸಿಕ್ಕಿಲ್ಲ. ತಾವು ಕೂರಲಿಲ್ಲ. ಬಾಗಿಲು ಬಡಿದಿರಿ, ಡಾಕ್ಟರಮ್ಮ ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದರು, ವಾರದೊಳಗೆ ನೋಟೀಸು ಬಂತು. ನೆಮ್ಮದಿಯ ನಮೂನೆ ತುಂಬದಿರುವುದು ಎರಡನೇ ಆರೋಪ. ನಿದ್ದೆಗೆಟ್ಟವರಿಗೆ ಭಾಷಣ, ಮಲಗಿದವರಿಗೆ ನೋಟೀಸು! ವೈದ್ಯರು ಗಟ್ಟಿಯಾಗುವುದು ಹೀಗೆಯೇ? ಆಕೆ ಇಲ್ಲಿಯವರೆಗೆ ಬಗ್ಗದೆ ನಿಂತದ್ದು ಭಾಷಣದಿಂದಲ್ಲ. ಒಂದೂವರೆ ತಾಸು ಜನ ಸುಮ್ಮನೆ ಕೂತದ್ದರಿಂದ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನೋಟೀಸು ಬಂದ ಮರುದಿನ ಡಾಕ್ಟರಮ್ಮ ರಾಜೀನಾಮೆ ಬರೆದರು. ಸರ್ಕಾರಿ ಭಾಷೆ ತಿದ್ದಿಕೊಡಿ ಎಂದು ನನ್ನ ಕೈಗಿತ್ತರು. ಆ ಕಡತ ಈಗ ನನ್ನ ಬಳಿ ಇದೆ, ಮತ್ತು ನಾನು ಮೂವತ್ತೊಂದು ವರ್ಷದಲ್ಲಿ ಚೆನ್ನಾಗಿ ಕಲಿತ ವಿದ್ಯೆ ಕಡತ ತಡೆಯುವುದೊಂದೇ. ಮೊದಲ ಸಲ, ಎಡಗಡೆ ಅಂಚು ಸಾಲದೆಂದು ವಾಪಸ್ಸು ಮಾಡಿದೆ. ಎರಡನೇ ಸಲ, ಉಲ್ಲೇಖ ಸಂಖ್ಯೆ ಇಲ್ಲವೆಂದೆ. ಮೂರನೇ ಸಲ, ಶಾಯಿಯ ಬಣ್ಣ ಸರಿಯಿಲ್ಲವೆಂದಾಗ ಅವರು ನನ್ನ ಮುಖವನ್ನೇ ನೋಡಿದರು. "ಕಾಕಾ, ನೀವು ಬೇಕಂತನ ಮಾಡಾಕತ್ತೀರಿ ಹೌದಲ್ಲೋ?"

"ನಿಯಮ ಹಂಗ ಅದವ್ವಾ, ನಾನೇನು ಮಾಡ್ಲಿ?" ಅಂದೆ.

ನೋಟೀಸು ಬಂದ ಮೇಲೆ ಮೊದಲ ಸಲ ನಕ್ಕರು. ಆದರೆ ಹರಿದುಹಾಕಿ ಅನ್ನಲಿಲ್ಲ. ನೀಲಿ ಶಾಯಿಯಲ್ಲಿ ಮತ್ತೆ ಬರೆದುಕೊಟ್ಟರು. ಆಕೆ ಹೋದರೆ ಇಪ್ಪತ್ತೆರಡು ಹಳ್ಳಿಗೆ ಯಾರೂ ಇಲ್ಲ.

ಆದ್ದರಿಂದ ನೋಟೀಸು ಹಿಂದಕ್ಕೆ ಪಡೆಯಿರಿ. ಆರು ವರ್ಷದ ಖಾಲಿ ಕುರ್ಚಿಗೆ ಎರಡನೇ ಡಾಕ್ಟರನ್ನು ಕಳಿಸಿ. ಅಲ್ಲಿಯವರೆಗೆ ನಮ್ಮ ಬೋರ್ಡಿಗೆ ತಮ್ಮ ಮಂಜೂರಾತಿ ಕೊಡಿ, ಓದದೆ ಸಹಿ ಹಾಕಿದರೂ ನಡೆಯುತ್ತದೆ. ಮತ್ತು ಬೇಗ ಮಾಡಿ. ನನ್ನ ಹತ್ತಿರ ಇನ್ನು ಎರಡೇ ಆಕ್ಷೇಪಣೆ ಉಳಿದಿವೆ.

ಇಂತಿ, ಇದೊಂದು ಕಡತವಾದರೂ ಎಂದೂ ವಿಲೇವಾರಿಯಾಗದಿರಲೆಂದು ಹಾರೈಸುವ,
ವೆಂಕೋಬರಾವ್
ನಿವೃತ್ತ ಗುಮಾಸ್ತ, ಶುಕ್ರವಾರದ ರೋಗಿ